ಭಾಗವತನಿಗೆ ಸಲ್ಲಬೇಕಾದ ಉಡುಗೊರೆ

ಆಡುವುದಕ್ಕೆ ಮಣೆಯಿಲ್ಲ, ನಡೆಸುವುದಕ್ಕೆ ಕಾಯಿಗಳಿದ್ದೇ ತೀರಬೇಕೆಂಬ ನಿಯಮವಿಲ್ಲ, ಕೊನೆಯಲ್ಲಿ ಗೆದ್ದವನೂ ಇಲ್ಲ ಸೋತವನೂ ಇಲ್ಲ. ಇಷ್ಟಾದರೂ ಅದೊಂದು ಆಟವೆಂದೂ, ಅದು ತನಗೆ ಬೇಕೇ ಬೇಕೆಂದೂ ಹನ್ನೊಂದು ವರ್ಷದ ಹುಡುಗನೊಬ್ಬನು ಹಟ ಹಿಡಿದರೆ, ಹುಟ್ಟುಹಬ್ಬದ ಉಡುಗೊರೆ ತರಲು ಹೊರಟ ಸೋದರಮಾವನು ಅಂಗಡಿಯವನ ಮುಂದೆ ನಿಂತು ಏನೆಂದು ಕೇಳತಕ್ಕದ್ದು? ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಮುಂಬಯಿಯ ಮುಲುಂಡಿನ ಕನ್ನಡ ಮನೆಗಳಿಗೂ ಬಂದಿದೆ. 2016ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ನಾಲ್ವರು ಹುಡುಗರು ನೆಲಮಾಳಿಗೆಯ ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುವ ದೃಶ್ಯವನ್ನು ಕಂಡ ಮಕ್ಕಳು, ತಾವೂ ಹಾಗೆಯೇ ಕೆಲವು ಗಂಟೆಗಳ ಕಾಲ ಮಾಂತ್ರಿಕರೋ ಖಡ್ಗಧಾರಿಗಳೋ ಆಗಬೇಕೆಂದು ಬಯಸಿದರೆ ಅದರಲ್ಲಿ ಸೋಜಿಗವೇನೂ ಇಲ್ಲ. ಸೋಜಿಗವೆಂದರೆ, ಇದನ್ನು ಪರದೇಶದ ವಿಚಿತ್ರವೆಂದು ಭಾವಿಸಿ ಹುಬ್ಬೇರಿಸುವ ನಮ್ಮ ಹಿರಿಯರಲ್ಲಿ ಅನೇಕರು, ಮಳೆಗಾಲದ ಸಂಜೆಗಳಲ್ಲಿ ಇದೇ ಮುಂಬಯಿಯ ಸಭಾಗೃಹಗಳಿಗೆ ಹೋಗಿ, ಈ ಆಟಕ್ಕೆ ಅತ್ಯಂತ ಸಮೀಪದ ಬಂಧುವಾದ ತಾಳಮದ್ದಳೆಯನ್ನು ಗಂಟೆಗಟ್ಟಲೆ ಕೇಳಿ ತಲೆದೂಗಿ ಬಂದವರಾಗಿರುತ್ತಾರೆ.

ಆಟದ ಸ್ವರೂಪವನ್ನು ಮೊದಲು ಹೇಳಿಬಿಡುವುದು ಲೇಸು. ಮೇಜಿನ ಸುತ್ತ ನಾಲ್ಕೈದು ಜನ ಕೂಡುತ್ತಾರೆ. ಅವರಲ್ಲಿ ಒಬ್ಬನು ಕಥೆಯನ್ನು ನಡೆಸತಕ್ಕವನು. ಮಕ್ಕಳ ಬಾಯಲ್ಲಿ ಅವನ ಹೆಸರು ‘ಡಿ.ಎಂ.’, ಅಂದರೆ ಡಂಜನ್ ಮಾಸ್ಟರ್. ಮಿಕ್ಕವರಿಗೆ ತಲೆಗೊಂದು ಪಾತ್ರ. ಆ ಪಾತ್ರದ ಬಲವೆಷ್ಟು, ಚುರುಕೆಷ್ಟು, ವಿವೇಕವೆಷ್ಟು, ಕೈಯಲ್ಲಿರುವ ಆಯುಧ ಯಾವುದು, ಬೆನ್ನಿನ ಚೀಲದಲ್ಲಿ ಹಗ್ಗವಿದೆಯೇ ಪಂಜಿದೆಯೇ ಎಂಬುದೆಲ್ಲ ಒಂದು ಹಾಳೆಯ ಮೇಲೆ ನಮೂದಾಗಿರುತ್ತದೆ. 2014ರಲ್ಲಿ ಹೊರಬಂದ ಆರಂಭಿಕರ ಪೆಟ್ಟಿಗೆಯಲ್ಲಿರುವ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ ಕಥಾನಕವನ್ನೇ ತೆಗೆದುಕೊಳ್ಳೋಣ. ಸಾಮಾನು ತುಂಬಿದ ಎತ್ತಿನ ಗಾಡಿಯೊಂದನ್ನು ದೂರದ ಊರಿಗೆ ತಲುಪಿಸುವ ಕೆಲಸವನ್ನು ಪಾತ್ರಧಾರಿಗಳು ಒಪ್ಪಿಕೊಂಡಿದ್ದಾರೆ. ಕಾಡುದಾರಿಯ ತಿರುವಿನಲ್ಲಿ ಎರಡು ಕುದುರೆಗಳು ಸತ್ತುಬಿದ್ದಿವೆ, ಅವುಗಳ ಮೈಯಲ್ಲಿ ಕಪ್ಪು ಗರಿಯ ಬಾಣಗಳು ನೆಟ್ಟಿವೆ, ಇಕ್ಕೆಲದಲ್ಲೂ ದಟ್ಟವಾದ ಪೊದೆ. ಇಷ್ಟನ್ನು ವರ್ಣಿಸಿ ಕಥೆ ನಡೆಸುವವನು ಕೇಳುವ ಪ್ರಶ್ನೆ ಒಂದೇ: ‘ಈಗ ನೀವೇನು ಮಾಡುತ್ತೀರಿ?’ ಈ ಪ್ರಶ್ನೆಗೆ ಪುಸ್ತಕದಲ್ಲಿ ಸಿದ್ಧವಾದ ಉತ್ತರವಿಲ್ಲ. ಒಬ್ಬನು ಗಾಡಿಯ ಅಡಿಗೆ ನುಸುಳಬಹುದು, ಇನ್ನೊಬ್ಬನು ಕುದುರೆಯ ಜೀನನ್ನು ಪರೀಕ್ಷಿಸಬಹುದು, ಮತ್ತೊಬ್ಬನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿ ಓಡಬಹುದು. ಪೊದೆಯಿಂದ ನಾಲ್ಕು ಗಾಬ್ಲಿನ್‌ಗಳು, ಕುಳ್ಳ ರಕ್ಕಸರೆನ್ನಿ, ಹಾರಿ ಬಂದಾಗ ಕತ್ತಿ ಬೀಸುತ್ತೇನೆಂದ ಹುಡುಗನು ಇಪ್ಪತ್ತು ಮುಖಗಳ ದಾಳವನ್ನು ಉರುಳಿಸುತ್ತಾನೆ. 13 ಬಿತ್ತೆನ್ನೋಣ, ಅವನ ಹಾಳೆಯಲ್ಲಿ ಕತ್ತಿಯ ಪಕ್ಕದಲ್ಲಿ 4 ಎಂದಿದ್ದರೆ ಒಟ್ಟು 17. ಗಾಬ್ಲಿನ್ನಿನ ರಕ್ಷಣೆಯ ಅಂಕೆ 15 ಆದ್ದರಿಂದ ಏಟು ತಗಲಿತು. ಎಷ್ಟು ಬಲವಾಗಿ ತಗಲಿತೆಂಬುದಕ್ಕೆ ಎಂಟು ಮುಖದ ಇನ್ನೊಂದು ದಾಳ. ಅದರಲ್ಲಿ 5 ಬಿದ್ದು ತೋಳ್ಬಲದ 2 ಕೂಡಿದರೆ 7. ಗಾಬ್ಲಿನ್ನಿನ ಜೀವದ ಅಂಕೆಯೂ 7 ಆಗಿರುವುದರಿಂದ ಆ ಕುಳ್ಳನ ಕಥೆ ಅಲ್ಲಿಗೆ ಮುಗಿಯಿತು. ನಿಯಮಗಳು ನೂರಾರು ಪುಟಗಳಷ್ಟು ಹಬ್ಬಿದ್ದರೂ ಅವುಗಳ ಬೀಜವೆಲ್ಲ ಇಷ್ಟರಲ್ಲಿದೆ: ಮಾಡಬೇಕೆಂದುದನ್ನು ಮಾತಿನಲ್ಲಿ ಹೇಳುವುದು, ಸಂದೇಹವಿದ್ದಲ್ಲಿ ದಾಳವನ್ನು ಕೇಳುವುದು, ದಾಳ ಹೇಳಿದುದನ್ನು ಮತ್ತೆ ಮಾತಿನಲ್ಲಿ ಮುಂದುವರಿಸುವುದು.

ನನ್ನ ತಂಗಿಯ ಮನೆಯಲ್ಲಿ ಈ ಕಥಾನಕ ನಡೆದ ದಿನ ಮೇಜಿನ ಸುತ್ತ ಅವಳ ಮಗನಿದ್ದ, ಕೆಳಮಹಡಿಯ ಮರಾಠಿ ಹುಡುಗಿಯೊಬ್ಬಳಿದ್ದಳು, ಎದುರು ಮನೆಯ ಗುಜರಾತಿ ಅಣ್ಣತಮ್ಮಂದಿರಿದ್ದರು. ಕಥೆ ನಡೆಸುತ್ತಿದ್ದವನು ಕಾಲೇಜಿಗೆ ಹೋಗುವ ನಮ್ಮ ದೊಡ್ಡಪ್ಪನ ಮೊಮ್ಮಗ. ಮೂವರು ಗಾಬ್ಲಿನ್‌ಗಳು ಬಿದ್ದು ನಾಲ್ಕನೆಯವನು ಸೆರೆ ಸಿಕ್ಕಾಗ, ಅವನ ಕತ್ತು ಹಿಸುಕಿ ಬಾಯಿ ಬಿಡಿಸಬೇಕೆಂದು ಗಂಡುಹುಡುಗರೆಲ್ಲ ಒಕ್ಕೊರಲಿನಿಂದ ಹೇಳುತ್ತಿರಲು, ಆ ಹುಡುಗಿ ತಣ್ಣಗೆ, ‘ನನ್ನ ಚೀಲದಲ್ಲಿ ಚಕ್ಲಿ ಇದೆ, ಅದನ್ನು ಕೊಟ್ಟು ಕೇಳುತ್ತೇನೆ’ ಎಂದಳು. ಪುಸ್ತಕದ ಯಾವ ಪುಟದಲ್ಲೂ ಚಕ್ಲಿಯ ಪ್ರಸ್ತಾಪವಿರಲಿಲ್ಲ. ನಡೆಸುವವನು ಒಂದು ನಿಮಿಷ ಯೋಚಿಸಿ, ‘ಸರಿ, ದಾಳ ಹಾಕು, 12ಕ್ಕೆ ಮೇಲೆ ಬಂದರೆ ಅವನು ತಿನ್ನುತ್ತಾನೆ’ ಎಂದ. 18 ಬಿತ್ತು. ಗಾಬ್ಲಿನ್ನು ಚಕ್ಲಿ ತಿಂದು, ಮುಂಬಯಿಯ ಹಿಂದಿಯಲ್ಲಿ, ತನ್ನ ಒಡೆಯನ ಗುಹೆ ಎಲ್ಲಿದೆ, ಒಳಗೆ ನಾಯಿಗಳನ್ನು ಎಲ್ಲಿ ಕಟ್ಟಿದ್ದಾರೆ, ಹಿಂಬದಿಯ ದಾರಿ ಯಾವುದು ಎಂಬುದನ್ನೆಲ್ಲ ವಿಸ್ತಾರವಾಗಿ ತಿಳಿಸಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ನನ್ನ ತಂಗಿ, ‘ಅಣ್ಣ, ಇವರು ಆಡುತ್ತಿದ್ದಾರೋ, ಬರೀ ಮಾತಾಡುತ್ತಿದ್ದಾರೋ?’ ಎಂದು ಕೇಳಿದಳು.

ಕುಂಬಳೆ ಸೀಮೆಯಿಂದ ಬಂದ ಮನೆತನದ ಹೆಣ್ಣುಮಗಳು ಕೇಳಬಾರದ ಪ್ರಶ್ನೆ ಅದು. ಯಕ್ಷಗಾನ ಪ್ರಸಂಗಕರ್ತರಲ್ಲಿ ಅಗ್ರಗಣ್ಯನಾದ ಪಾರ್ತಿಸುಬ್ಬನ ಊರು ಕುಂಬಳೆಯೇ ಅಷ್ಟೆ. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ದೀಪಾವಳಿಯವರೆಗಿನ ಮಳೆಯ ತಿಂಗಳುಗಳಲ್ಲಿ ಕರಾವಳಿಯ ಮನೆ ಮಂದಿರಗಳಲ್ಲಿ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ನಡುವೆ ಭಾಗವತ, ಅವನ ಬಳಿಯಲ್ಲಿ ಮದ್ದಳೆ ಚೆಂಡೆಯವರು, ಎರಡು ಬದಿಗೆ ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಗಳು. ಭಾಗವತನು ಪ್ರಸಂಗದ ಪದವನ್ನು ಹಾಡಿ ಮುಗಿಸಿದೊಡನೆ, ಆಯಾ ಪಾತ್ರವನ್ನು ವಹಿಸಿದವನು ಅದರ ಭಾವವನ್ನು ತನ್ನದೇ ಮಾತುಗಳಲ್ಲಿ, ಯಾವ ಬರಹವೂ ಕೈಯಲ್ಲಿಲ್ಲದೆ, ಎದುರಾಳಿ ಆ ಕ್ಷಣದಲ್ಲಿ ಆಡಿದ ಮಾತಿಗೆ ಪ್ರತಿಯಾಗಿ ಬೆಳೆಸಿಕೊಂಡು ಹೋಗುತ್ತಾನೆ. ಬಾಣ ತಗಲಿ ಬಿದ್ದಿರುವ ವಾಲಿಯು ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಧರ್ಮಪ್ರಶ್ನೆಗಳಿಂದ ಪೀಡಿಸುವ ಸನ್ನಿವೇಶವಂತೂ ಈ ಕಲೆಯ ಒರೆಗಲ್ಲು. ಶೇಣಿ ಗೋಪಾಲಕೃಷ್ಣ ಭಟ್ಟರಾಗಲಿ, ದೇರಾಜೆ ಸೀತಾರಾಮಯ್ಯನವರಾಗಲಿ, ಮಲ್ಪೆಯ ಸಾಮಗ ಸಹೋದರರಾಗಲಿ ಕುಳಿತಲ್ಲಿಂದ ಏಳದೆ ಬರಿಯ ಮಾತಿನಿಂದ ಒಂದು ಲಂಕೆಯನ್ನೋ ಹಸ್ತಿನಾವತಿಯನ್ನೋ ಕಟ್ಟಿ ನಿಲ್ಲಿಸಿದುದನ್ನು ಕೇಳಿದವರಿಗೆ, ಮೇಜಿನ ಸುತ್ತ ಕುಳಿತ ಮಕ್ಕಳು ಏನು ಮಾಡುತ್ತಿದ್ದಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯಲ್ಲಿ ಈ ಪರಂಪರೆ ಇಂದಿಗೂ ಉಳಿದಿರುವುದು ಅಜೆಕಾರು ಕಲಾಭಿಮಾನಿ ಬಳಗದಂಥ ಸಂಸ್ಥೆಗಳು ಊರಿನ ಕಲಾವಿದರನ್ನು ಕರೆಸಿ ಏರ್ಪಡಿಸುವ ಕೂಟಗಳಿಂದ.

ಸಾಮ್ಯ ಇಷ್ಟಿದ್ದರೂ ಒಂದು ಭೇದ ಮುಖ್ಯವಾದುದು. ತಾಳಮದ್ದಳೆಯಲ್ಲಿ ವಾಲಿಯ ವಾದ ಎಷ್ಟೇ ಪ್ರಬಲವಾಗಿರಲಿ, ಸಭೆಯೆಲ್ಲ ಅವನ ಪಕ್ಷಕ್ಕೆ ಒಲಿದಿರಲಿ, ಕೊನೆಗೆ ಅವನು ಸಾಯಲೇಬೇಕು. ಪ್ರಸಂಗದ ಪದ ಅದನ್ನು ಮೊದಲೇ ನಿರ್ಣಯಿಸಿದೆ, ಅರ್ಥಧಾರಿಯ ಸ್ವಾತಂತ್ರ್ಯವೆಲ್ಲ ಆ ನಿರ್ಣಯದ ದಡಗಳ ನಡುವೆ. ಈ ಆಟದಲ್ಲಿ ಪ್ರಸಂಗ ಅರ್ಧ ಮಾತ್ರ ಬರೆದಿರುತ್ತದೆ. ಮಿಕ್ಕರ್ಧವನ್ನು ಮಕ್ಕಳ ಇಚ್ಛೆಯೂ ದಾಳದ ಚಾಪಲ್ಯವೂ ಸೇರಿ ಬರೆಯುತ್ತವೆ. ಹನ್ನೊಂದು ವರ್ಷದವನ ಎದೆ ಡವಗುಟ್ಟುವುದು ಆ ಅನಿಶ್ಚಯಕ್ಕೆ. ಆದರೆ ಎರಡರಲ್ಲೂ ಸಮಾನವಾದ ಅಂಶವೊಂದುಂಟು, ಉಡುಗೊರೆಯ ವಿಚಾರದಲ್ಲಿ ನಾನು ಹೇಳಬೇಕಾದುದೆಲ್ಲ ಅದರಿಂದಲೇ ಹುಟ್ಟತಕ್ಕದ್ದು: ಭಾಗವತನಿಲ್ಲದೆ ಕೂಟವಿಲ್ಲ. ಅರ್ಥ ಮಿತಿಮೀರಿ ಉದ್ದವಾದಾಗ ಮುಂದಿನ ಪದವನ್ನು ಎತ್ತಿಕೊಂಡು ಪಾತ್ರಧಾರಿಯನ್ನು ಮೆಲ್ಲನೆ ದಾರಿಗೆ ತರುವವನು, ಹೊಸಬನು ತಡವರಿಸಿದಾಗ ಅವನಿಗೆ ಆಸರೆಯಾಗುವವನು, ಎಲ್ಲಿ ಬೆಳೆಸಬೇಕು ಎಲ್ಲಿ ಮೊಟಕುಮಾಡಬೇಕೆಂಬುದನ್ನು ಬಲ್ಲವನು ಅವನು. ಪಾತ್ರಧಾರಿಗಳು ಎಷ್ಟಾದರೂ ಸಿಕ್ಕಾರು. ಆ ಒಬ್ಬನು ಸಿಕ್ಕದೆ ಪೆಟ್ಟಿಗೆ ಕಪಾಟಿನ ಮೇಲೇರುತ್ತದೆ.

ಇಂಥ ನಡೆಸುವವನೊಬ್ಬನು ಆಟಕ್ಕೆ ಹೇಗೆ ಬಂದನೆಂಬುದು ಸ್ವಾರಸ್ಯವಾದ ಕಥೆ. ನಮ್ಮ ಚತುರಂಗ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತಷ್ಟೆ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್ಕಿನಲ್ಲಿ ಹೆಲ್ವಿಗ್ ಎಂಬವನು ಆ ಮಣೆಯನ್ನೇ ಹಿಗ್ಗಿಸಿ ಬೆಟ್ಟ, ನದಿ, ಫಿರಂಗಿಗಳನ್ನು ಸೇರಿಸಿ ಯುದ್ಧದ ಆಟವೊಂದನ್ನು ಮಾಡಿದ. ಪ್ರಷ್ಯದ ರೈಸ್ವಿಟ್ಜ್ ತಂದೆಮಕ್ಕಳು ಅದನ್ನು ಸೇನಾಧಿಕಾರಿಗಳ ಅಭ್ಯಾಸಕ್ಕೆ ಯೋಗ್ಯವಾಗುವಂತೆ ಬೆಳೆಸಿ, 1824ರ ವೇಳೆಗೆ ಎರಡು ಪಕ್ಷಗಳ ನಡುವೆ ನಿರ್ಣಯ ಹೇಳುವ ಮಧ್ಯಸ್ಥನೊಬ್ಬನನ್ನು ಕೂರಿಸಿದರು. ನಿಯಮಗಳ ಭಾರಕ್ಕೆ ಬೇಸತ್ತ ವೆರ್ಡಿ ಡು ವೆರ್ನುವಾ ಎಂಬ ಪ್ರಷ್ಯನ್ ಅಧಿಕಾರಿ 1876ರಲ್ಲಿ, ಅನುಭವಿಯಾದ ಮಧ್ಯಸ್ಥನ ವಿವೇಕವೇ ನಿಯಮವಾಗಲೆಂದು ವಾದಿಸಿದ. ಚಕ್ಲಿಗೆ 12 ಎಂದು ನಿಗದಿಮಾಡಿದ ನಮ್ಮ ಹುಡುಗನ ಅಧಿಕಾರಕ್ಕೆ ಮೂಲ ಅಲ್ಲಿದೆ! ಮುಂದೆ 1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಸೇಂಟ್ ಪಾಲ್ ಅವಳಿನಗರದಲ್ಲಿ ಡೇವಿಡ್ ವೆಸ್ಲಿ ಎಂಬ ತರುಣನು ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಕೊಟ್ಟು ನೋಡಿದ. ಅವನ ಗೆಳೆಯ ಡೇವ್ ಆರ್ನ್‌ಸನ್ ಆ ಪಾತ್ರಗಳನ್ನು ನೆಲದಡಿಯ ಸುರಂಗಗಳಿಗೆ ಇಳಿಸಿದ. ವಿಸ್ಕಾನ್ಸಿನ್ನಿನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಆರ್ನ್‌ಸನ್‌ನೊಡನೆ ಕೂಡಿ 1974ರಲ್ಲಿ ಈ ಆಟವನ್ನು ಮೂರು ಕಿರುಹೊತ್ತಗೆಗಳ ಒಂದು ಪೆಟ್ಟಿಗೆಯಾಗಿ 10 ಡಾಲರು ಬೆಲೆಯಿಟ್ಟು ಪ್ರಕಟಿಸಿದ. ಮೊದಲ ಮುದ್ರಣ 1,000 ಪ್ರತಿ. ಮಣೆಯಾಟಗಳ ವಿಷಯದಲ್ಲಿ ನಾವೇನೂ ಕಡಮೆಯವರಲ್ಲವೆಂಬ ಅಭಿಮಾನಕ್ಕೆ ಇಲ್ಲಿ ಒಂದು ಮಾತು: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೆಂದೇ ಮೀಸಲಿಟ್ಟು, ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದು ಸಲ ಮೆಟ್ಟಿಬರುವ ಬಂಧಗಳನ್ನು ರಚಿಸಿದವರು. ಅವರ ಆಸ್ಥಾನದಲ್ಲಿ ಭಾಗವತನೊಬ್ಬನು ಆ ಮಣೆಗಳ ಪಕ್ಕದಲ್ಲಿ ಕುಳಿತು ಆ ಕುದುರೆಯ ಸವಾರನಿಗೆ ಮಾತು ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಕೆಲವೊಮ್ಮೆ ಕಲ್ಪಿಸಿಕೊಳ್ಳುವುದುಂಟು.

ಇನ್ನು ಕೊಳ್ಳುವ ಮಾತು. ಹುಡುಕಿದ ಕೂಡಲೇ ಕಣ್ಣಿಗೆ ಬೀಳುವುದು ಮೂರು ಭಾರಿ ಗ್ರಂಥಗಳು: ‘ಪ್ಲೇಯರ್ಸ್ ಹ್ಯಾಂಡ್‌ಬುಕ್’, ‘ಡಂಜನ್ ಮಾಸ್ಟರ್ಸ್ ಗೈಡ್’, ‘ಮಾನ್‌ಸ್ಟರ್ ಮ್ಯಾನ್ಯುಅಲ್’. ಒಂದೊಂದೂ 300 ಪುಟಕ್ಕೆ ಮೇಲ್ಪಟ್ಟದ್ದು, ದಪ್ಪರಟ್ಟಿನದು, ಬಣ್ಣದ ಚಿತ್ರಗಳಿಂದ ತುಂಬಿ ಹೊಳೆಯುವಂಥದು; ಮಾವನ ಔದಾರ್ಯವನ್ನು ಮೆರೆಸುವುದಕ್ಕೆ ಇವಕ್ಕಿಂತ ತಕ್ಕ ವಸ್ತುವಿಲ್ಲ, ಮಗುವಿನ ಉತ್ಸಾಹವನ್ನು ಮಣ್ಣುಮಾಡುವುದಕ್ಕೂ ಇಲ್ಲ. ವ್ಯಾಕರಣವನ್ನು ಕೈಗಿತ್ತು ಭಾಷೆ ಕಲಿಯೆಂದಂತೆ. 2014ರ ಆವೃತ್ತಿಯಲ್ಲಿ ಇವು ಒಂದೊಂದಕ್ಕೂ ಅಮೆರಿಕದಲ್ಲಿ 49.95 ಡಾಲರು ಬೆಲೆಯಿದ್ದಾಗ, ಆರಂಭಿಕರ ಪೆಟ್ಟಿಗೆಗೆ 19.99 ಡಾಲರು ಮಾತ್ರ ಇತ್ತು. ಅದರೊಳಗೆ 32 ಪುಟದ ನಿಯಮಪುಸ್ತಕ, 64 ಪುಟದ ಕಥಾನಕ, ಬರೆದು ಸಿದ್ಧವಾಗಿದ್ದ ಐದು ಪಾತ್ರಗಳ ಹಾಳೆ, ದಾಳಗಳು. ಹೊಸಬನಿಗೆ ಬೇಕಾದುದು ಇಷ್ಟೇ, ಅದರಲ್ಲೂ ಆ ಸಿದ್ಧಪಾತ್ರಗಳು. ಏಕೆಂದರೆ ಮೊದಲ ದಿನವೇ ಪಾತ್ರವನ್ನು ತಾವಾಗಿ ಕಟ್ಟಹೊರಟ ಮಕ್ಕಳು ಸಂಜೆಯವರೆಗೆ ಕೂಡುತ್ತ ಕಳೆಯುತ್ತ ಕುಳಿತು ಒಂದು ಗಾಬ್ಲಿನ್ನನ್ನೂ ಕಾಣದೆ ಎದ್ದುಹೋಗುತ್ತಾರೆ. 2022ರಲ್ಲಿ ಬಂದ ‘ಡ್ರ್ಯಾಗನ್ಸ್ ಆಫ್ ಸ್ಟಾರ್ಮ್‌ರೆಕ್ ಐಲ್’ ಇನ್ನೂ ಕಿರಿದಾದ ಕಥೆ, ಎಳೆಯರಿಗೆ ಹೆಚ್ಚು ಹೊಂದತಕ್ಕದ್ದು. 2025ರ ‘ಹೀರೋಸ್ ಆಫ್ ದಿ ಬಾರ್ಡರ್‌ಲ್ಯಾಂಡ್ಸ್’ ಪೆಟ್ಟಿಗೆಯಲ್ಲಿ ಕಾರ್ಡುಗಳೂ ಬಿಲ್ಲೆಗಳೂ ನಕ್ಷೆಗಳೂ ಧಾರಾಳವಾಗಿದ್ದು, ಕೈಗೆ ಹಿಡಿಯಲು ಏನಾದರೂ ಬೇಕೆನ್ನುವ ಮಗುವಿಗೆ ಅದು ರುಚಿಸುತ್ತದೆ. ಆಡಲು ಒಂದೇ ಮಗು, ನಡೆಸಲು ಒಬ್ಬನೇ ಹಿರಿಯ ಎಂಬಂಥ ಮನೆಗೆ 2019ರ ‘ಎಸೆನ್ಷಿಯಲ್ಸ್ ಕಿಟ್’ ಲೇಸು. ಒಂಟಿ ಪಾತ್ರಧಾರಿಗೆ ಜೊತೆಗಾರನೊಬ್ಬನನ್ನು ಒದಗಿಸುವ ನಿಯಮ ಅದರಲ್ಲಿದೆ. 2024–25ರಲ್ಲಿ ಮೂಲಗ್ರಂಥಗಳು ಪರಿಷ್ಕೃತವಾಗಿ ಬಂದಿರುವುದರಿಂದ, ಮುಂದೆಂದಾದರೂ ದೊಡ್ಡ ಪುಸ್ತಕ ಕೊಳ್ಳುವಾಗ ಹಳೆಯದನ್ನೂ ಹೊಸದನ್ನೂ ಬೆರಸದಂತೆ ಮುದ್ರಣದ ವರ್ಷವನ್ನು ನೋಡಿಕೊಂಡರಾಯಿತು.

ಇದಕ್ಕಿಂತ ಮುಖ್ಯವಾದುದು, ಪೆಟ್ಟಿಗೆಯನ್ನು ಯಾರ ಕೈಗೆ ಕೊಡಬೇಕೆಂಬುದು. ಹುಟ್ಟುಹಬ್ಬ ಯಾರದೋ ಅವರ ಕೈಗೆ ಎಂಬುದು ಲೋಕರೂಢಿ. ನನ್ನ ಮತ ಬೇರೆ. ಕಥೆ ನಡೆಸತಕ್ಕ ಆ ಒಬ್ಬನನ್ನು ಮೊದಲು ಗೊತ್ತುಮಾಡಿಕೊಂಡು, ಹಬ್ಬಕ್ಕೆ ಹದಿನೈದು ದಿನ ಮುಂಚೆ ಪೆಟ್ಟಿಗೆಯನ್ನು ಅವನಿಗೋ ಅವಳಿಗೋ ಗುಟ್ಟಾಗಿ ಒಪ್ಪಿಸಬೇಕು. ಹುಟ್ಟುಹಬ್ಬದ ಮಗುವಿಗೆ ಅಂದು ಸಲ್ಲಬೇಕಾದುದು ಒಂದು ಪಾತ್ರದ ಹಾಳೆ ಮತ್ತು ಒಂದು ಕಟ್ಟು ದಾಳ. ಕಥಾನಕದ ಗುಟ್ಟುಗಳನ್ನು ಮಗುವೇ ಓದಿಬಿಟ್ಟರೆ ಪೊದೆಯ ಹಿಂದಿನ ಬಾಣದಲ್ಲಿ ರಸವೇನು ಉಳಿಯಿತು? ನಡೆಸುವವರು ಕಾಲೇಜಿನ ಅಣ್ಣನಾಗಬಹುದು, ಕಥೆ ಹೇಳುವ ಅಭ್ಯಾಸವಿರುವ ಅತ್ತೆಯಾಗಬಹುದು. ಊರಲ್ಲಿ ಸಂಘದ ಕೂಟಗಳಲ್ಲಿ ಅರ್ಥ ಹೇಳಿದ ಅಜ್ಜನೊಬ್ಬನು ಮನೆಯಲ್ಲಿದ್ದರೆ, ಇಂಗ್ಲಿಷ್ ನಿಯಮಗಳನ್ನು ಮೊಮ್ಮಗನು ಓದಿ ಹೇಳಲಿ, ಗುಹೆಯ ಒಡೆಯನ ದರ್ಪದ ಮಾತುಗಳನ್ನು ಅಜ್ಜ ಆಡಲಿ. ಮಾಗಧನ, ಎಂದರೆ ಜರಾಸಂಧನ, ಅರ್ಥ ಹೇಳಿದವನಿಗೆ ಗಾಬ್ಲಿನ್ನರ ದೊರೆ ಯಾವ ಲೆಕ್ಕ! ಇಂಥವರಾರೂ ಇಲ್ಲದಿದ್ದರೆ ಉಡುಗೊರೆ ಕೊಡುವ ಮಾವನೇ ಆ ಪಟ್ಟವನ್ನು ಏರಬೇಕು. ಅದಕ್ಕೂ ಬಿಡುವಿಲ್ಲದವನು ಈ ಪೆಟ್ಟಿಗೆಯ ಗೋಜಿಗೆ ಹೋಗದೆ, 1982ರಲ್ಲಿ ಸ್ಟೀವ್ ಜ್ಯಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಬರೆದ ‘ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಎಂಬ ಪುಸ್ತಕವನ್ನು ಕೊಡುವುದು ಮೇಲು. ಅದರಲ್ಲಿ 400 ಸಂಖ್ಯಾಂಕಿತ ಖಂಡಗಳಿವೆ. ಎಡಕ್ಕೆ ತಿರುಗಿದರೆ ಒಂದು ಸಂಖ್ಯೆಗೆ, ಬಾಗಿಲು ತಟ್ಟಿದರೆ ಇನ್ನೊಂದಕ್ಕೆ ಓದುಗನು ಹಾರಬೇಕು. ಒಂದು ಪೆನ್ಸಿಲು, ಒಂದು ರಬ್ಬರು, ಲೂಡೋದ ಎರಡು ದಾಳ ಇದ್ದರೆ ಒಂಟಿ ಮಗು ಬೇಸಗೆ ರಜೆಯ ಮಧ್ಯಾಹ್ನಗಳನ್ನು ಕಳೆಯಬಹುದು. ಭಾಗವತನ ಕೆಲಸವನ್ನು ಪುಸ್ತಕವೇ, ಕೊಂಚ ಬಿಗುಮಾನದಿಂದ, ಮಾಡಿಕೊಡುತ್ತದೆ. ಎಂಟು ವರ್ಷಕ್ಕೂ ಕಿರಿಯರಿದ್ದರೆ 2012ರಲ್ಲಿ ಬಂದ ‘ಹೀರೋ ಕಿಡ್ಸ್’ ಸಾಕು. ಅದಕ್ಕೂ ಮನೆಯ ಆರುಮುಖದ ದಾಳವೇ ಆಗುತ್ತದೆ. ಭಯಾನಕ ರಸಪ್ರಧಾನವಾದ ‘ಕಾಲ್ ಆಫ್ ಕ್ತುಲು’ವಿನಂಥವು ದೊಡ್ಡವರಿಗೆ.

ದಾಳ ಎಂದೊಡನೆ ಮನೆಯಲ್ಲಿ ಒಂದು ಆಕ್ಷೇಪಣೆ ಏಳುವುದು ಖಂಡಿತ. ಪಗಡೆಯ ಹೆಸರೆತ್ತಿದರೆ ಶಕುನಿಯನ್ನೂ ದ್ರೌಪದಿಯನ್ನೂ ನೆನೆಯುವ ನಮ್ಮ ತಾಯಂದಿರಿಗೆ, ಮಗುವಿನ ಕೈಯಲ್ಲಿ ಒಂದಲ್ಲ ಏಳು ದಾಳಗಳನ್ನು ಕಂಡರೆ ಎದೆ ಝಲ್ಲೆನ್ನುವುದು ಸಹಜ. ಇಲ್ಲಿ ಪಣವೇ ಇಲ್ಲವಾದ್ದರಿಂದ ಜೂಜಿನ ಪ್ರಶ್ನೆಯೂ ಇಲ್ಲವೆಂದು ಸಮಾಧಾನ ಹೇಳಬಹುದು. ಅಮೆರಿಕದಲ್ಲೂ 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಪಿಶಾಚೋಪಾಸನೆಗೆ ಎಳೆಯುತ್ತದೆಂದು ಕೆಲವರು ಕೂಗೆಬ್ಬಿಸಿದ್ದುಂಟು. ಅದು ತಾನಾಗಿ ಅಡಗಿತು. ದಾಳಗಳನ್ನು ಕೊಳ್ಳುವಾಗ ನೋಡಬೇಕಾದುದು ಬೇರೆ. ಸಾಮಾನ್ಯವಾದ ಒಂದು ಕಟ್ಟಿನಲ್ಲಿ ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳವು ಒಂದೊಂದು, ಹತ್ತು ಮುಖದವು ಎರಡು. ಆ ಎರಡರಲ್ಲಿ ಒಂದರ ಮೇಲೆ 00, 10, 20 ಎಂದು ಹತ್ತರ ಲೆಕ್ಕವಿದ್ದು, ಜೊತೆಯಾಗಿ ಉರುಳಿಸಿದರೆ ನೂರರೊಳಗಿನ ಸಂಖ್ಯೆ ಬರುತ್ತದೆ. ಇಪ್ಪತ್ತು ಮುಖದ್ದರಲ್ಲಿ ಎದುರುಬದುರಿನ ಅಂಕೆಗಳನ್ನು ಕೂಡಿದರೆ ಯಾವಾಗಲೂ 21. ಇಂಥ ದಾಳ ಹೊಸತೇನೂ ಅಲ್ಲ, ಈಜಿಪ್ಟಿನಲ್ಲಿ ಗ್ರೀಕ್ ಅಕ್ಷರಗಳನ್ನು ಕೆತ್ತಿ ಮಾಡಿದ ಪ್ರಾಚೀನ ಮಾದರಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಬಣ್ಣಬಣ್ಣದ ಸುಳಿಗಳ ನಡುವೆ ಅಂಕೆಯೇ ಕಾಣದಿರುವ ಸೊಗಸಿನ ದಾಳಗಳಿಗೆ ಮರುಳಾಗದೆ, ಅಂಕೆ ಸ್ಫುಟವಾಗಿಯೂ 6ಕ್ಕೂ 9ಕ್ಕೂ ಅಡಿಯಲ್ಲಿ ಗೆರೆಯೋ ಚುಕ್ಕೆಯೋ ಇರುವಂಥವಾಗಿಯೂ ನೋಡಿ ಆರಿಸಬೇಕು. ಲೋಹದ ದಾಳಗಳು ಟೀಪಾಯಿಯ ಗಾಜಿಗೆ ವೈರಿ. ಕೆಳಮನೆಯವರಿಗೂ ಅವು ಮಿತ್ರರಲ್ಲ.

ಪುಸ್ತಕ ಇಂಗ್ಲಿಷಿನದಾದರೂ ಕಥೆ ಎಲ್ಲಿಯದಾಗಬೇಕೆಂಬುದು ನಡೆಸುವವನ ಇಚ್ಛೆ. ಈ ಆಟದ ಕರ್ತರಿಗೆ ನಮ್ಮ ಪುರಾಣಗಳ ಪರಿಚಯವಿರಲಿಲ್ಲವೆಂದಲ್ಲ. 1980ರ ‘ಡೀಟೀಸ್ ಆ್ಯಂಡ್ ಡೆಮಿಗಾಡ್ಸ್’ ಎಂಬ ಗ್ರಂಥದಲ್ಲಿ ಇಂದ್ರ, ಅಗ್ನಿ, ವರುಣರಿಗೂ ಜೀವದ ಅಂಕೆಯನ್ನು ಕಟ್ಟಿ ಕೂರಿಸಿದ್ದಾರೆ, ದೇವರಾಜನನ್ನು ಎಷ್ಟು ಏಟಿಗೆ ಕೆಡವಬಹುದೆಂದು ಲೆಕ್ಕಹಾಕುವವರಿಗೆ ಅನುಕೂಲವಾಗಲೆಂದೋ ಏನೋ! 2022ರ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್’ ಸಂಕಲನದಲ್ಲಿ ಬಂಗಾಳಮೂಲದ ಲೇಖಕಿ ಮಿಮಿ ಮಂಡಲ್ ಶಂಖಭೂಮಿಯೆಂಬ ನದೀನಾಡನ್ನು ಕಲ್ಪಿಸಿರುವುದು ಇದಕ್ಕಿಂತ ಹೆಚ್ಚು ಸುಸಂಸ್ಕೃತವಾದ ಯತ್ನ. ಆದರೆ ಮುಲುಂಡಿನ ಮಗುವಿಗೆ ಇಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಹತ್ತು ಪುಸ್ತಕಗಳು ಮನೆಯಲ್ಲಿದ್ದರೆ ಹತ್ತು ಕಥಾನಕಗಳಿಗೆ ಸಾಲುತ್ತವೆ. ಇಲ್ಲವೇ ಪಶ್ಚಿಮದ ಕಿಟಕಿಯನ್ನು ತೆರೆದರೆ ಕಾಣುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಿವೆ. ಅವುಗಳೊಳಗೆ ಚಿರತೆಗಳುಂಟು, ತುಳಸಿ ಮತ್ತು ವಿಹಾರ ಸರೋವರಗಳುಂಟು, ಕ್ರಿಸ್ತಪೂರ್ವದಿಂದ ಮೊದಲ್ಗೊಂಡು ಅನೇಕ ಶತಮಾನಗಳ ಕಾಲ ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚಿನ ಕಾನ್ಹೇರಿ ಗುಹೆಗಳುಂಟು. ಮಳೆನೀರನ್ನು ಹಿಡಿದಿಡಲು ಗುಹೆಗುಹೆಗೂ ತೊಟ್ಟಿ, ತೊಟ್ಟಿಗೆ ಕಾಲುವೆ, ಮೇಲಿನ ಸಾಲಿಗೆ ಹತ್ತಲು ಕಲ್ಲಿನಲ್ಲೇ ಕಡಿದ ಮೆಟ್ಟಿಲು. ಆಟದ ಸುರಂಗಗಳನ್ನು ಒಂದು ಮನೆಗೆ ಐದು ಅಡಿಯಂತೆ ಚೌಕುಳಿ ಕಾಗದದ ಮೇಲೆ ಬರೆಯುವುದು ವಾಡಿಕೆ. ಲೆಕ್ಕದ ಚೌಕುಳಿ ನೋಟುಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಒಮ್ಮೆ ಕಾನ್ಹೇರಿಗೆ ಹೋಗಿಬಂದ ಮಕ್ಕಳು ಯಾವ ಪರದೇಶದ ನಕ್ಷೆಗೂ ಕೈಚಾಚಲಾರರು. ನಮ್ಮ ಹುಡುಗರು ಬರೆದ ನಕ್ಷೆಯಲ್ಲಿ ಮೂರನೆಯ ಗುಹೆಯ ಮಹಾಚೈತ್ಯಕ್ಕೆ ಕಾವಲುಗಾರನಾಗಿ ಮಾತನಾಡುವ ಚಿರತೆಯೊಂದನ್ನು ನೇಮಿಸಿದ್ದಾರೆ. ಅದು ಕೇಳುವ ಒಗಟಿಗೆ ಉತ್ತರ ಹೇಳದೆ ಒಳಗೆ ಪ್ರವೇಶವಿಲ್ಲ.

ಹಣ ಕಡಮೆಯಿದ್ದರೆ ಪೆಟ್ಟಿಗೆಯೂ ಬೇಡ. ಆಟದ ಮೂಲನಿಯಮಗಳ ಸಂಗ್ರಹವನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಮಾಡಿರುವುದರಿಂದ, ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು, ಮನಸ್ಸಿದ್ದವರು ಕನ್ನಡಕ್ಕೆ ತಿರುಗಿಸಿಕೊಳ್ಳಲೂಬಹುದು. ಮುಲುಂಡಿನ ಪಾಂಚ್ ರಸ್ತಾದ ಝೆರಾಕ್ಸ್ ಅಂಗಡಿಯಲ್ಲಿ ಬೇಕಾದಷ್ಟೇ ಹಾಳೆಗಳನ್ನು ತೆಗೆಸಿ, ಸುರುಳಿ ಬೈಂಡು ಹಾಕಿಸಿ, ಒಂದು ಕಟ್ಟು ದಾಳವನ್ನು ಜೊತೆಗಿಟ್ಟರೆ ಉಡುಗೊರೆಯಾಯಿತು. ಆರು ಪೆನ್ಸಿಲುಗಳನ್ನೂ ಎರಡು ರಬ್ಬರುಗಳನ್ನೂ ಮರೆಯಬಾರದು. ಜೀವದ ಅಂಕೆಯನ್ನು ಅಳಿಸಿ ಬರೆಯುವ ಕೆಲಸ ಈ ಆಟದಲ್ಲಿ ಹೆಚ್ಚು.

ಉಳಿದುದು ವೇಳೆ. ಟ್ಯೂಷನ್ನು, ಕರಾಟೆ, ತಬಲಾ, ಪರೀಕ್ಷೆ ಎಂದು ಹರಿದು ಹಂಚಿಹೋಗಿರುವ ಈ ಮಕ್ಕಳನ್ನು ಒಂದೇ ಮೇಜಿಗೆ ಮೂರು ನಾಲ್ಕು ಗಂಟೆಗಳ ಕಾಲ ತರುವುದು ದಾಳಕ್ಕೂ ಅಸಾಧ್ಯವೆಂದು ತೋರಬಹುದು. ಈ ವಿಷಯದಲ್ಲಿ ಮಧ್ಯ ರೈಲ್ವೆಯವರು ನಮಗೆ ಪರಮೋಪಕಾರಿಗಳು. ಭಾನುವಾರಗಳಲ್ಲಿ ಮಾಟುಂಗಾ ಮತ್ತು ಮುಲುಂಡ್ ನಡುವೆ ಹಳಿಗಳ ದುರಸ್ತಿಗೆಂದು ಅವರು ಘೋಷಿಸುವ ಮೆಗಾಬ್ಲಾಕು ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದರ ಸುಮಾರಿಗೆ ತೊಡಗಿ ಸಂಜೆ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ಆ ಅವಧಿಯಲ್ಲಿ ಲೋಕಲ್ ಗಾಡಿಗಳ ಪಾಡನ್ನು ಬಲ್ಲ ಯಾವ ಗೃಹಸ್ಥನೂ ಹೆಂಡತಿಮಕ್ಕಳನ್ನು ಕರೆದುಕೊಂಡು ದಾದರಿಗೋ ಮಾಟುಂಗಕ್ಕೋ ಹೊರಡುವ ಸಾಹಸ ಮಾಡಲಾರ. ಶನಿವಾರ ಬ್ಲಾಕಿನ ಪ್ರಕಟಣೆಯನ್ನು ನೋಡಿಕೊಂಡು ಮಕ್ಕಳ ತಾಯಂದಿರಿಗೆ ಫೋನು ಮಾಡಿದರೆ ಎಲ್ಲರೂ ಸಿಕ್ಕುತ್ತಾರೆ. ನಾಲ್ವರೋ ಐವರೋ ಆದರೆ ಸರಿ. ಅದಕ್ಕಿಂತ ಹೆಚ್ಚಾದರೆ ಸರದಿ ಬರುವಷ್ಟರಲ್ಲಿ ಮಕ್ಕಳು ಮೊಬೈಲು ತೆಗೆಯುತ್ತಾರೆ. ಕರೆಯದೆ ಆರನೆಯವನೊಬ್ಬನು ಬಂದೇಬಿಟ್ಟರೆ ಅವನನ್ನು ಹಿಂದಕ್ಕೆ ಕಳುಹಿಸುವುದು ಬೇಡ, ಪೊದೆಯ ಹಿಂದಿರುವ ನಾಲ್ಕು ಗಾಬ್ಲಿನ್‌ಗಳನ್ನು ಅವನ ವಶಕ್ಕೆ ಕೊಟ್ಟುಬಿಡಿ.